ಕಡ ಬಂದ ಪೀಠ

ನಮ್ಮ ಒದುಮ್‌ಸೊ ಊರಿನ ಅರಸರು ಸಭೆಯಲ್ಲಿ ಯಾರ ಜೊತೆಗೂ ನೇರವಾಗಿ ಮಾತಾಡುವುದಿಲ್ಲ. ನನ್ನ ಕಿವಿಗೆ ಬೀಳುವಷ್ಟು ಮೆಲ್ಲಗೆ ಒಂದು ಮಾತು ಹೇಳುತ್ತಾರೆ. ನಾನು ಅದನ್ನು ತೊಳೆದು, ಒರೆಸಿ, ಸಿಂಗರಿಸಿ ಊರಿಗೆ ಒಪ್ಪಿಸುತ್ತೇನೆ. ಈ ಹುದ್ದೆಗೆ ಓಚಿಯಾಮೆ ಎಂದು ಹೆಸರು. ಕೈಯಲ್ಲಿ ಚಿನ್ನದ ತಲೆಯ ಕೋಲು, ಬಾಯಲ್ಲಿ ಅರಸರ ನಾಲಿಗೆ. ನಾನು ಹೇಳಿದ್ದೇ ಅರಸರು ಹೇಳಿದ್ದು, ಅದಕ್ಕೆ ತಿದ್ದುಪಡಿ ಇಲ್ಲ. ಇಲ್ಲಿಯವರೆಗೆ ಮೂವರು ಅರಸರಿಗೆ ಬಾಯಾಗಿದ್ದೇನೆ. ಮೊದಲಿನ ಇಬ್ಬರಿಗೆ ಹೇಳುವುದಕ್ಕೆ ಏನೂ ಇರಲಿಲ್ಲ. ನಾನು ಒಳ್ಳೆಯ ಮಾತುಗಾರ ಎಂದು ಹೆಸರಾದದ್ದು ಅವರ ಕಾಲದಲ್ಲೇ.

ಈಗಿನ ಅರಸರು ನಾನಾ ಬೊಸೊಂಪೆಮ್ ಹಾಗಲ್ಲ. ನಾನಾ ಎಂದರೆ ನಮ್ಮಲ್ಲಿ ದೊರೆ ಎಂದಂತೆ. ಇಂಗ್ಲೆಂಡಿನಲ್ಲಿ ಚರಿತ್ರೆ ಓದಿ ಡಾಕ್ಟರೇಟ್ ಪಡೆದವರು. ರಾಜಮಾತೆ ಅಫ್ರಕೋಮಾ ಅವರ ತಂಗಿಯ ಮಗ. ನಮ್ಮಲ್ಲಿ ಪಟ್ಟ ಇಳಿಯುವುದು ತಾಯಿಯ ಕಡೆಯಿಂದ, ಯಾರಿಗೆ ಪಟ್ಟವೆಂದು ಮೊದಲು ಹೆಸರು ಹೇಳುವವರು ರಾಜಮಾತೆ. ಅವರು ಹೇಳಿದರು, ಊರು ತಲೆದೂಗಿತು. ನಾಲ್ಕು ವರ್ಷ ತುಂಬುವುದರೊಳಗೆ ಅರ್ಧ ಊರು ತಾನೇಕೆ ತಲೆದೂಗಿದೆನೋ ಎಂದು ಪೇಚಾಡತೊಡಗಿತು. ನಾನಾ ಎಲ್ಲಿ ಹೋದರೂ ಕೈಗಡಿಯಾರ ನೋಡುತ್ತಿದ್ದರು. ಸಾವಿನ ಮನೆಯಲ್ಲೂ ನೋಡುತ್ತಿದ್ದರು. ಹೆಣದ ಕಾರ್ಯವನ್ನು ಒಂದೇ ದಿನದಲ್ಲಿ ಮುಗಿಸಿ, ಖರ್ಚು ಉಳಿಯುತ್ತದೆ ಎಂದು ಹೇಳಿಸಿದರು. ಹೇಳಿದವನು ನಾನೇ, ಎಷ್ಟು ಸಿಂಗರಿಸಿದರೂ ಆ ಮಾತು ಚೆಂದವಾಗಲಿಲ್ಲ. ನಮ್ಮ ಅಸಾಂತೆ ಜನ ಏನನ್ನಾದರೂ ಸಹಿಸಿಯಾರು, ಸಾವಿನ ಊಟಕ್ಕೆ ಕೈ ಹಾಕಿದವನನ್ನು ಸಹಿಸುವುದಿಲ್ಲ. ಪಟ್ಟದಿಂದ ಇಳಿಸೋಣ ಎಂಬ ಮಾತು ಹೆಂಡದಂಗಡಿಯಲ್ಲಿ ಹುಟ್ಟಿ ಚರ್ಚಿನ ಜಗಲಿಯವರೆಗೆ ಬಂತು. ಇಳಿಸುವುದೆಂದರೆ ನಮ್ಮಲ್ಲಿ ಕಾಗದದ ಕೆಲಸವಲ್ಲ. ಅರಸನನ್ನು ಹಿಡಿದು, ಊರೆದುರು ಅವನ ಕುಂಡೆಯನ್ನು ಬರಿ ನೆಲಕ್ಕೆ ಕುಕ್ಕುತ್ತಾರೆ. ಅಲ್ಲಿಗೆ ಅವನು ಯಾರೂ ಅಲ್ಲ.

ಪಟ್ಟ ಉಳಿಸಿಕೊಳ್ಳಲು ನಾನಾ ನೆಚ್ಚಿಕೊಂಡದ್ದು ಒಂದನ್ನೇ. ಇಂಗ್ಲೆಂಡಿನ ಒಂದು ಮ್ಯೂಸಿಯಮ್ಮಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದ ನಮ್ಮ ಊರಿನ ಪೀಠವನ್ನು.

ಮಹಾರಾಜರ ಊರಾದ ಕುಮಾಸಿಯ ಚಿನ್ನದ ಪೀಠ ಇಡೀ ಅಸಾಂತೆ ಜನರ ಪ್ರಾಣ. ಅದರ ಮೇಲೆ ಮಹಾರಾಜರೂ ಕೂರುವಂತಿಲ್ಲ. ನಮ್ಮಂಥ ಸಣ್ಣ ಊರಿಗೆ ಬೆಳ್ಳಿಯ ಪಟ್ಟಿ ಬಡಿದ ಮರದ ಪೀಠ ಸಾಕು, ಆದರೆ ಊರಿನ ಉಸಿರಿರುವುದು ಅದರಲ್ಲೇ. ಹಾಗಾಗಿ ಪೀಠವನ್ನು ಮಗ್ಗುಲಾಗಿ ಮಲಗಿಸಿ ಇಡುತ್ತೇವೆ. ನೆಟ್ಟಗೆ ನಿಲ್ಲಿಸಿದರೆ ದಾರಿಯಲ್ಲಿ ಹೋಗುವ ಯಾವುದೋ ಬೇವಾರ್ಸಿ ಆತ್ಮ ಬಂದು ಕೂತುಬಿಡುತ್ತದೆ. ನಮ್ಮ ಮುತ್ತಾತಂದಿರ ಕಾಲದಲ್ಲಿ ಬಿಳಿಯರ ಕ್ಯಾಪ್ಟನ್ ಒಬ್ಬ ಸಿಪಾಯಿಗಳನ್ನು ಕಟ್ಟಿಕೊಂಡು ಬಂದು, ಇನ್ನು ಈ ಊರಿಗೆ ನಾನೇ ಒಡೆಯ, ಪೀಠ ತನ್ನಿ, ಕೂರುತ್ತೇನೆ ಎಂದನಂತೆ. ತಂದರು. ಕೂತ. ಊರಿಗೆ ಊರೇ ತಲೆ ತಗ್ಗಿಸಿ ನಿಂತಿತು. ಆಮೇಲೆ ಅವನು ಅದನ್ನು ಹಡಗಿಗೆ ಹಾಕಿ ಕಳಿಸಿದ. ಈ ಕಥೆ ಹೇಳಿ ಜನರನ್ನು ಅಳಿಸುವುದು ನಮ್ಮ ಹಬ್ಬದ ಒಂದು ಭಾಗ. ಪ್ರತಿ ಹಬ್ಬಕ್ಕೂ ಅಳಿಸುವವನು ನಾನೇ.

ಆ ಪೀಠಕ್ಕಾಗಿ ನಾನಾ ಪಟ್ಟಕ್ಕೆ ಬಂದ ದಿನದಿಂದ ಬರೆದರು, ಓಡಾಡಿದರು, ಅದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಮ್ಯೂಸಿಯಂನವರು ಕಳಿಸಿದ ಪಟದಲ್ಲಿ ಕಾಣುವ ಪೀಠದ ನಡುಗಂಬದ ಕೆತ್ತನೆ ಹೆಂಗಸರ ಮಣೆಯದು. ನಮ್ಮಲ್ಲಿ ಗಂಡಸರದೇ ಬೇರೆ, ಹೆಂಗಸರದೇ ಬೇರೆ. ಅದಕ್ಕೆ ನಾನಾ, ಒದುಮ್‌ಸೊ ಊರನ್ನು ಕಟ್ಟಿ ಆಳಿದವಳು ಒಬ್ಬ ಹೆಂಗಸೇ ಇರಬೇಕು ಎಂದು ನೂರಾರು ಪುಟಗಳಲ್ಲಿ ಸಾಧಿಸಿದ್ದರು. ಕೊನೆಗೆ ಮ್ಯೂಸಿಯಂನವರು ಒಪ್ಪಿದರು. ಪೀಠ ಕೊಡುತ್ತೇವೆ, ಆದರೆ ಮೂರು ವರ್ಷಕ್ಕೆ, ಕಡವಾಗಿ. ಮುಟ್ಟಬಾರದು, ಹತ್ತಿರ ಹೆಂಡ ಸುರಿಯಬಾರದು, ಗಾಜಿನ ಪೆಟ್ಟಿಗೆ ತೆರೆಯಬಾರದು. ನಮ್ಮ ಸಾಮಾನನ್ನು ನಮಗೇ ಕಡ ಕೊಡುತ್ತಾರೆಯೇ ಎಂದು ಹಿರಿಯರು ಕೇಳಿದರು. ಕಾನೂನಿನ ಭಾಷೆಯಲ್ಲಿ ಹಾಗೆ, ಮನಸ್ಸಿನ ಭಾಷೆಯಲ್ಲಿ ಮರಳಿಸಿದಂತೆ ಎಂದು ನಾನಾ ಹೇಳಿಸಿದರು. ಇದನ್ನು ಮಾತ್ರ ನಾನು ಚೆಂದವಾಗಿ ಹೇಳಿದೆ. ಹೆಂಡದಂಗಡಿ ಬಾಯಿ ಮುಚ್ಚಿಕೊಂಡಿತು.

ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ಮ್ಯೂಸಿಯಮ್ಮಿನಿಂದ ಮಿಸ್ ಪೆಂಡಲ್ ಎಂಬ ಹೆಂಗಸು ಪೀಠದ ಪೆಟ್ಟಿಗೆಯೊಂದಿಗೆ ಬಂದಳು. ರಾಜಮಾತೆ ಆಗ ಊರಲ್ಲಿರಲಿಲ್ಲ, ಬಳಗದವರ ಸಾವಿಗೆ ಪಕ್ಕದ ಸೀಮೆಗೆ ಹೋಗಿದ್ದರು. ಅವರ ಮನೆಗೆ ಒಳ್ಳೆಯ ಚಾವಣಿಯಿದೆ, ನೀರಿನ ಟ್ಯಾಂಕಿದೆ, ಹಿತ್ತಲಲ್ಲಿ ದೊಡ್ಡ ಬಚ್ಚಲಿದೆ ಎಂದು ನಾನಾ ಅತಿಥಿಯನ್ನು ಅಲ್ಲೇ ಇಳಿಸಿದರು. ಮಿಸ್ ಪೆಂಡಲ್ ಒಳ್ಳೆಯ ಹೆಂಗಸು. ಕುಟ್ಟಿದ ಗೆಣಸಿನ ಮುದ್ದೆ ಫೂಫೂವನ್ನು ಕೈಯಲ್ಲೇ ತಿಂದಳು, ಸಾರಿನ ಖಾರಕ್ಕೆ ಕಣ್ಣೀರು ಹಾಕಿದಳು, ಹಾಕುತ್ತಲೇ ಇನ್ನೊಂದು ಸೌಟು ಬಡಿಸಿಕೊಂಡಳು. ಬಚ್ಚಲಿನಲ್ಲಿ ಅವಳು ನಿಂತೇ ಮೀಯುವುದನ್ನು ಕಂಡು ಅಡುಗೆಯ ಮಾನ್ಸಾಗೆ ನಾಚಿಕೆಯಾಯಿತು. ಅತಿಥಿಗೆ ಕೂರಲು ಒಂದು ಮಣೆ ಇಲ್ಲವೆಂದರೆ ಮನೆಯ ಮಾನ ಏನಾಗಬೇಕು? ಬಚ್ಚಲಿನ ಮೂಲೆಯಲ್ಲಿ ಮಗ್ಗುಲಾಗಿ ಬಿದ್ದಿದ್ದ ಹಳೆಯ ಮಣೆಯನ್ನು ಎತ್ತಿ, ಬೂದಿ ನಿಂಬೆಹಣ್ಣು ಹಾಕಿ ತಿಕ್ಕಿ, ನೆಟ್ಟಗೆ ಇಟ್ಟಳು. ಅಂದಿನಿಂದ ಮಿಸ್ ಪೆಂಡಲ್ ಅದರ ಮೇಲೆ ಕೂತು, ಬಿಸಿನೀರು ಹೊಯ್ದುಕೊಂಡು, ಹಾಡುತ್ತ ಮಿಂದಳು.

ಮಣೆ ಅವಳಿಗೆ ಬಹಳ ಹಿಡಿಸಿತು. ನಮ್ಮ ಮ್ಯೂಸಿಯಮ್ಮಿನಲ್ಲಿ ಬರೀ ರಾಜರ ಸಾಮಾನು, ಬಡವರು ಕೈಯಲ್ಲಿ ಹಿಡಿದ ಒಂದು ವಸ್ತುವೂ ಇಲ್ಲ, ಇಂಥದೊಂದು ಇದ್ದಿದ್ದರೆ ಎಂದು ನಾನಾ ಎದುರು ಅಂದಳು. ನಾನಾ ಕರಗಿಹೋದರು. ಇದು ನಿಮ್ಮದೇ, ಹಬ್ಬದ ದಿನ ಊರೆದುರು ಕೊಡುತ್ತೇನೆ ಎಂದು ಮಾತು ಕೊಟ್ಟರು. ಅವಳು ಅದರ ಪಟ ತೆಗೆದು, ಉದ್ದಗಲ ಅಳೆದು, ಬಿಳಿ ಕಾಗದದಲ್ಲಿ ಮಗುವಿನಂತೆ ಸುತ್ತಿಟ್ಟಳು.

ಹಬ್ಬಕ್ಕೆ ಮೂರು ದಿನ ಇರುವಾಗ ಮಧ್ಯಾಹ್ನ ರಾಜಮಾತೆ ಮರಳಿದರು. ಬಂದವರೇ ನನ್ನನ್ನು ಕರೆಸಿದರು. ಎಂಬತ್ತು ದಾಟಿದ ಹೆಂಗಸು, ಸಾವಿನ ಕಪ್ಪು ಬಟ್ಟೆಯನ್ನೂ ಬದಲಿಸಿರಲಿಲ್ಲ.

"ಬಾಗಿಲು ಹಾಕು," ಅಂದರು. ಹಾಕಿದೆ. "ಬಚ್ಚಲಲ್ಲಿದ್ದ ಮಣೆ ಎಲ್ಲಿ?"

"ಅದಾ ಅವ್ವ? ನಾನಾ ಅದನ್ನ ಮ್ಯೂಸಿಯಂ ಅಮ್ಮನಿಗೆ ಕೊಟ್ಟುಬಿಟ್ರು. ಹೋದ್ರೆ ಹೋಗ್ಲಿ ಬಿಡಿ, ಕುಮಾಸಿಯಿಂದ ಹೊಸದು ತರಿಸೋಣ."

ಅವರು ಹತ್ತಿರ ಬಾ ಎಂದು ಸನ್ನೆ ಮಾಡಿದರು.

"ಅದು ಮಣೆಯಲ್ಲ ಕಣೋ. ಅದೇ ಪೀಠ."

ನಾನು ನೆಲದ ಮೇಲೆ ಕೂತುಬಿಟ್ಟೆ. ಅವರು ಹೇಳಿದರು. ಕ್ಯಾಪ್ಟನ್ ಬರುತ್ತಿದ್ದಾನೆಂಬ ಸುದ್ದಿ ಮುಟ್ಟಿದಾಗ, ಆಗಿನ ರಾಜಮಾತೆ ಅಕ್ಕಸಾಲಿಗನನ್ನು ಕರೆಸಿ ಪೀಠದ ಬೆಳ್ಳಿಯನ್ನೆಲ್ಲ ಕಿತ್ತಿಸಿ, ತಾನು ದಿನಾ ಮೀಯುತ್ತಿದ್ದ ಮಣೆಗೆ ಬಡಿಸಿದಳು. ಬರಿ ಮೈಯ ಪೀಠವನ್ನು ಬಚ್ಚಲಲ್ಲಿ ಮಲಗಿಸಿದಳು. ಸಿಪಾಯಿಗಳು ಹೊಗದ ಕೋಣೆಯಿರಲಿಲ್ಲ, ಹೆಂಗಸರ ಬಚ್ಚಲು ಒಂದನ್ನು ಬಿಟ್ಟು. ಕ್ಯಾಪ್ಟನ್ ಮರ್ಯಾದಸ್ಥ. ಅವನು ಊರೆದುರು ಎದೆಯುಬ್ಬಿಸಿ ಕೂತದ್ದು ಬಚ್ಚಲ ಮಣೆಯ ಮೇಲೆ. ಊರು ತಲೆ ತಗ್ಗಿಸಿದ್ದು ದುಃಖಕ್ಕಲ್ಲ, ನಗು ಮುಚ್ಚಿಕೊಳ್ಳುವುದಕ್ಕೆ. ಕಥೆಯ ಆ ಜಾಗದಲ್ಲಿ ಜನರನ್ನು ಅಳಿಸಿ ಅಳಿಸಿ ನನಗೆ ಗಂಟಲು ಕಟ್ಟಿದ್ದುಂಟು.

ಆಮೇಲೂ ಪೀಠ ಬಚ್ಚಲಲ್ಲೇ ಉಳಿಯಿತು. ಪೀಠದ ಕೋಣೆಯ ಬೀಗದಕೈ ಗಂಡಸರ ಹತ್ತಿರ ಇರುತ್ತದೆ, ಗಂಡಸರು ಕುಡಿಯುತ್ತಾರೆ, ಜಗಳವಾಡುತ್ತಾರೆ, ಪಟ್ಟ ಕಳೆದುಕೊಳ್ಳುತ್ತಾರೆ ಎಂಬುದು ರಾಜಮಾತೆಯರ ಲೆಕ್ಕಾಚಾರ. ಅಂದು ಕಂಡವರು ಬಾಯಿ ಬಿಡದೆ ಸತ್ತರು, ಗುಟ್ಟನ್ನು ರಾಜಮಾತೆಯರು ಮಾತ್ರ ಒಬ್ಬಳು ಇನ್ನೊಬ್ಬಳಿಗೆ ಸಾಯುವ ಮೊದಲು ಹೇಳುತ್ತ ಬಂದರು. ಗಂಡಸರ ಕೆತ್ತನೆಯ ಮಣೆ ಬಚ್ಚಲಲ್ಲಿ ಯಾಕೆ ಎಂದು ಕೇಳಿದವರಿಗೆ ಅಫ್ರಕೋಮಾ, ಅದು ನನ್ನ ಗಂಡನದು, ಅವನು ಬದುಕಿದ್ದಾಗ ಎಲ್ಲಿರಬೇಕಿತ್ತೋ ಅಲ್ಲಿದೆ ಎನ್ನುತ್ತಿದ್ದರು. ಮತ್ತೆ ಯಾರೂ ಕೇಳುತ್ತಿರಲಿಲ್ಲ.

"ನನ್ನ ಅಜ್ಜಿ, ನನ್ನವ್ವ, ನಾನು, ಒಬ್ಬರೂ ಅದರ ಮೇಲೆ ಕೂತಿಲ್ಲ," ಅಂದರು. "ಅದರ ಎದುರು ನಿಂತೇ ಮಿಂದ್ವಿ. ನನಗೆ ಮಂಡಿ ಹೋಗಿ ಎಷ್ಟು ಕಾಲ ಆಯ್ತು ಗೊತ್ತಾ? ಗೋಡೆ ಹಿಡ್ಕೊಂಡು ನಿಂತ್ಕೋತೀನಿ." ಆಮೇಲೆ ಮೆಲ್ಲಗೆ ಕೇಳಿದರು, "ಅವಳು ಕೂತ್ಲಾ?"

"ಕೂತ್ರು ಅವ್ವ. ಮಾನ್ಸಾ ಅದನ್ನ ತಿಕ್ಕಿ ಇಟ್ಟಾಗಿನಿಂದ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ."

ಅವರು ಕಣ್ಣು ಮುಚ್ಚಿಕೊಂಡರು. ಕ್ಯಾಪ್ಟನ್ ಕೋವಿ ತಂದು ಸಾಧಿಸಲಾಗದ್ದನ್ನು ಮಿಸ್ ಪೆಂಡಲ್ ಒಂದು ಬಕೆಟ್ ಬಿಸಿನೀರಿನಲ್ಲಿ ಸಾಧಿಸಿದ್ದಳು. ಅದೂ ನಾವೇ ಬೆನ್ನು ತಿಕ್ಕುವ ನಾರು ಕೊಟ್ಟು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಇನ್ನು ಮೂರು ದಿನಕ್ಕೆ ಊರಿನ ಉಸಿರು ವಿಮಾನ ಹತ್ತುವುದಿತ್ತು, ನಮ್ಮದೇ ಕೈಯಿಂದ, ನಮ್ಮದೇ ಚಪ್ಪಾಳೆಯ ನಡುವೆ.

ನಾನಾಗೆ ನಿಜ ಹೇಳಿಬಿಡಿ ಎಂದೆ.

"ಹೇಳಿದ್ರೆ ಅವನು ಸುಮ್ನಿರ್ತಾನಾ? ಪ್ರಾಮಾಣಿಕ ಹುಡುಗ. ಓಡಿಹೋಗಿ ಆ ಹೆಂಗಸಿಗೆ ಹೇಳ್ತಾನೆ, ಆಮೇಲೆ ಪುಸ್ತಕ ಬರೀತಾನೆ. ಅಲ್ಲಿ ಕಲಿಸಿರೋದೇ ಅದು. ಬಚ್ಚಲ ಮಣೆಗೋಸ್ಕರ ನಾಲ್ಕು ವರ್ಷ ಕುಣಿದ ಅರಸ ಅಂತ ಊರು ನಗುತ್ತೆ. ನಕ್ಕು ಮುಗಿಸಿ ಅವನನ್ನ ನೆಲಕ್ಕೆ ಕುಕ್ತಾರೆ."

"ಮತ್ತೆ ನಾನೇನು ಮಾಡ್ಲಿ ಅವ್ವ?"

"ನೀನು ಬಾಯಿ. ಬಾಯಿ ಮಾಡೋ ಕೆಲಸ ಮಾಡು."

ಅವರೂ ಸುಮ್ಮನೆ ಕೂರಲಿಲ್ಲ. ಅಂದು ಸಂಜೆಯೇ ನಾನಾ ಬಳಿ ಹೋಗಿ, ನನ್ನ ಗಂಡನ ಮಣೆ, ಕೊಡುವುದಿಲ್ಲ ಎಂದರು. ನಾನಾ ಅವರ ಕೈ ಹಿಡಿದು, ದೊಡ್ಡವ್ವ, ಅತಿಥಿಗೆ ಮಾತು ಕೊಟ್ಟಾಗಿದೆ, ಅರಸ ಕೊಟ್ಟ ಮಾತು ಹಿಂದೆ ಬರುವುದಿಲ್ಲ, ನಿಮಗೆ ಹೊಸ ಮಣೆ ನಾನೇ ಕೆತ್ತಿಸಿಕೊಡುತ್ತೇನೆ ಎಂದರು. ಪ್ರೀತಿಯಿಂದಲೇ ಹೇಳಿದರು. ಅವರಿಗೆ ದೊಡ್ಡವ್ವನ ಮೇಲೆ ಪ್ರೀತಿ ಬಹಳ.

ಹಬ್ಬದ ಭಾನುವಾರ ಸಭೆ ಕೂಡಿತು. ಒದುಮ್ ಮರದ ಕೆಳಗೆ ದೊಡ್ಡ ಕೊಡೆಗಳು, ನಗಾರಿಗಳು, ಕೆಂಟೆ ಬಟ್ಟೆ ಹೊದ್ದ ಹಿರಿಯರು. ನಡುವೆ ಗಾಜಿನ ಪೆಟ್ಟಿಗೆ. ನಾನಾ ಕೈಯಾರೆ ಮುಸುಕು ತೆಗೆದರು. ಬೆಳ್ಳಿ ಪಟ್ಟಿಯ ಪೀಠ ಒಳಗೆ ನೆಟ್ಟಗೆ ನಿಂತಿತ್ತು. ಮುಂದಿನ ಸಾಲಿನಲ್ಲಿ ಊರಿನ ಮುದುಕಿಯರು ಕೂತಿದ್ದರು. ಅವರ ಕಣ್ಣು ಮೊದಲು ಹೋದದ್ದು ನಡುಗಂಬದ ಮೇಲೆ, ಆಮೇಲೆ ನೀರು ಕುಡಿದು ಬೆಳ್ಳಗಾಗಿದ್ದ ಕಾಲುಗಳ ಮೇಲೆ. ಪಟದಲ್ಲಿ ಅದು ಕಾಣುತ್ತಿರಲಿಲ್ಲ, ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು. ಜನ್ಮವೆಲ್ಲ ಬಚ್ಚಲ ಮಣೆಯ ಮೇಲೆ ಮಿಂದವರಿಗೆ ಬಚ್ಚಲ ಮಣೆ ಗೊತ್ತಾಗದೆ ಇರುತ್ತದೆಯೆ? ಒಬ್ಬಳ ತುಟಿಯ ಅಂಚು ನಡುಗಿತು. ನನ್ನ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ರಾಜಮಾತೆ ಎದೆ ಬಡಿದುಕೊಂಡು ಒಂದು ಗೋಳು ಎಳೆದರು. ಮುದುಕಿಯರೆಲ್ಲ ತಕ್ಷಣ ಸೆರಗನ್ನು ಮುಖಕ್ಕೆ ಮುಚ್ಚಿಕೊಂಡು ದನಿಗೂಡಿಸಿದರು. ಅವರ ಭುಜಗಳು ಕುಣಿಯುತ್ತಿದ್ದವು. ಅಳುವವರ ಭುಜ ಹಾಗೆ ಕುಣಿಯುವುದಿಲ್ಲ. ಇಡೀ ಸಭೆಯಲ್ಲಿ ನಿಜವಾಗಿ ಅತ್ತವರು ಇಬ್ಬರೇ, ನಾನಾ ಮತ್ತು ಮಿಸ್ ಪೆಂಡಲ್. ಅವಳ ಕಾಲ ಬಳಿ ಬಿಳಿ ಕಾಗದದ ಗಂಟು ಇತ್ತು.

ನಾನಾ ಕಣ್ಣೊರೆಸಿಕೊಂಡು ನನ್ನ ಕಡೆ ಬಾಗಿದರು. ಅತಿಥಿಗೆ ಊರಿನ ವಂದನೆ ಹೇಳು, ಪೀಠವನ್ನು ಮೂರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ ಎನ್ನು, ಪ್ರೀತಿಯ ಗುರುತಾಗಿ ಈ ಮಣೆ ಕೊಡುತ್ತಿದ್ದೇವೆ ಎನ್ನು ಎಂದರು. ನಾನು ಕೋಲು ಊರಿ ಎದ್ದೆ. ಅರಸರ ಮಾತನ್ನು ಸಿಂಗರಿಸಿದ್ದೇನೆ, ಉದ್ದ ಮಾಡಿದ್ದೇನೆ, ಮೆತ್ತಗೆ ಮಾಡಿದ್ದೇನೆ. ತಿರುಗಿಸಿದ್ದಿಲ್ಲ.

"ಕೇಳ್ರಪ್ಪ, ಕೇಳ್ರವ್ವ," ಅಂದೆ. "ನಾನಾ ಅತಿಥಿಗೆ ವಂದನೆ ಹೇಳ್ತಿದಾರೆ. ದೂರದಿಂದ ಬಂದ್ರಿ, ನಮ್ಮದನ್ನ ನಮ್ಮ ಕಣ್ಣಿಗೆ ತೋರಿಸಿದ್ರಿ. ಕಣ್ಣು ತುಂಬ್ತು. ಆದ್ರೆ ನಾನಾ ಕೇಳ್ತಿದಾರೆ, ತಾಯಿಯನ್ನ ಯಾರಾದ್ರೂ ಮೂರು ವರ್ಷಕ್ಕೆ ಕಡ ತರ್ತಾರಾ? ಇವತ್ತು ಕಡ ಅಂತ ಕೈ ಒಡ್ಡಿದ್ರೆ, ಅದು ನಿಮ್ಮದು ಅಂತ ನಾವೇ ಒಪ್ಪಿದ ಹಾಗೆ. ಹಾಗಾಗಿ ನಾನಾ ಹೇಳ್ತಿದಾರೆ: ವಾಪಸ್ ತಗೊಂಡು ಹೋಗಿ. ಕಡ ಅನ್ನೋ ಮಾತು ಬಿಟ್ಟು ಬರೋ ದಿನ ತನ್ನಿ. ಅಲ್ಲೀವರೆಗೆ ಈ ಊರು ನಿಮ್ಮಿಂದ ಒಂದು ಕಡ್ಡಿ ತಗೊಳ್ಳಲ್ಲ, ಒಂದು ಕಡ್ಡಿ ಕೊಡಲ್ಲ. ಆ ಮಣೆಯೂ ಇಲ್ಲೇ ಇರುತ್ತೆ. ಇದು ನಾನಾ ಮಾತು."

ಊರು ಸಿಡಿಯಿತು. ನಗಾರಿ, ಕೋವಿ, ಕೂಗು. ಹೆಂಡದಂಗಡಿಯಲ್ಲಿ ಅರಸರನ್ನು ಇಳಿಸುವ ಮಾತು ಹುಟ್ಟಿಸಿದವರೇ ಓಡಿಬಂದು ನಾನಾ ಕಾಲ ಬಳಿ ಬಿದ್ದರು. ಶಾಲೆಯ ಮೇಷ್ಟ್ರು ಮಿಸ್ ಪೆಂಡಲ್‌ಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಅವಳು ಕೆಂಪಾಗಿ, ತಲೆಯಾಡಿಸಿ, ನೀವು ಹೇಳುವುದು ಸರಿ ಎಂದಳಂತೆ. ಅಷ್ಟರಲ್ಲಿ ಅವಳ ಕಾಲ ಬಳಿಯ ಗಂಟು ಇರಲಿಲ್ಲ. ರಾಜಮಾತೆಯ ಪಕ್ಕದಲ್ಲಿದ್ದ ಇಬ್ಬರು ಮುದುಕಿಯರೂ ಇರಲಿಲ್ಲ. ನಾನಾ ನನ್ನನ್ನು ನೋಡಿದರು. ಬಾಯಿ ತೆರೆದು ತಿದ್ದಿದ್ದರೆ ಆ ಜನ ಅವರನ್ನು ಅಲ್ಲೇ ನೆಲಕ್ಕೆ ಕುಕ್ಕುತ್ತಿದ್ದರು. ಅವರು ನಕ್ಕು ಕೈಯೆತ್ತಿದರು.

ಸಂಜೆ ಒಳಮನೆಗೆ ಕರೆಸಿದರು. ಸಿಟ್ಟಿಗೆ ತುಟಿ ಬಿಳುಚಿತ್ತು. "ಕೋಲು ಕೆಳಗಿಡು," ಅಂದರು. "ನಾಲ್ಕು ವರ್ಷ. ನಾಲ್ಕು ವರ್ಷ ನಿದ್ದೆಗೆಟ್ಟು ತಂದದ್ದನ್ನ ಒಂದು ಬಾಯಲ್ಲಿ ಉಗುಳಿದೆ. ಯಾರು ಹೇಳಿದ್ರು ನಿನಗೆ?"

"ನಾನು ಹೇಳಿದೆ," ಎನ್ನುತ್ತ ರಾಜಮಾತೆ ಒಳಗೆ ಬಂದರು. ಕೂತು, ನಿಧಾನವಾಗಿ, ಎಲ್ಲವನ್ನೂ ಹೇಳಿದರು. ಪೀಠ ಆಗಲೇ ಬಚ್ಚಲ ಮೂಲೆಗೆ ಮರಳಿತ್ತು.

ನಾನಾ ಕೈಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟರು. ಆಮೇಲೆ, "ಇದಕ್ಕೆ ಆಧಾರ ಏನು, ದೊಡ್ಡವ್ವ?" ಎಂದರು. ಓದಿದವರ ಚಟ.

"ನಿನ್ನ ಎದುರು ಕೂತು ಅತ್ತ ಮುದುಕೀರನ್ನ ಕೇಳು. ಅದು ಹೆಂಗಸಿನದು ಯಾಕೆ ಅಂತ ಅಷ್ಟು ದಪ್ಪ ಪುಸ್ತಕ ಬರೆದೆಯಲ್ಲ ಮಗ, ಒಬ್ಬಳೇ ಒಬ್ಬಳು ಹೆಂಗಸನ್ನ ಕೇಳಿದ್ದಿದ್ರೆ ಒಂದು ಮಾತಲ್ಲಿ ಮುಗೀತಿತ್ತು."

ನಾನಾ ಮುಖ ಇಳಿಯಿತು. ನನಗೆ ಅವರ ಮೇಲೆ ಮೊದಲ ಸಲ ಮರುಕ ಹುಟ್ಟಿತು. ಸತ್ಯಕ್ಕಾಗಿ ಹಂಬಲಿಸಿದ ಮನುಷ್ಯ. ಅದು ಕೈಗೆ ಸಿಕ್ಕಿದ ದಿನವೇ ಯಾರಿಗೂ ಹೇಳುವಂತಿಲ್ಲ. ಕೊನೆಗೆ ಅವರು ನನ್ನ ಕಡೆ ತಿರುಗಿ, "ಸಭೆಯಲ್ಲಿ ನಾನು ಏನು ಹೇಳಿದೆ, ಇನ್ನೊಂದ್ಸಲ ಹೇಳು," ಎಂದರು. ಹೇಳಿದೆ. ಪೂರ್ತಿ ಕೇಳಿ, "ಚೆನ್ನಾಗೇ ಹೇಳಿದೀನಿ," ಎಂದರು. ಕೋಲನ್ನು ನಾನೇ ಎತ್ತಿಕೊಂಡೆ.

ಆ ಮಾತು ಕುಮಾಸಿಯ ರೇಡಿಯೋಗೆ ಹೋಯಿತು, ಅಲ್ಲಿಂದ ಊರೂರಿಗೆ. ಕಡ ಬೇಡವೆಂದ ಅರಸ ಎಂದು ಬಸ್ಸುಗಳ ಹಿಂದೆ ಬರೆಸಿದರು. ಹುಡುಗರು ಅಂಗಿಯ ಮೇಲೆ ಅವರ ಮುಖ ಅಚ್ಚು ಹಾಕಿಸಿಕೊಂಡರು. ಇಂಗ್ಲೆಂಡಿನ ಪತ್ರಿಕೆಗಳು ಮ್ಯೂಸಿಯಮ್ಮಿನ ಕಿವಿ ಹಿಂಡಿದವು. ಮುಂದಿನ ಹಬ್ಬ ಬರುವುದರೊಳಗೆ ಅವರು ಸೋತು, ಪೀಠವನ್ನು ಯಾವ ಷರತ್ತೂ ಇಲ್ಲದೆ, ಶಾಶ್ವತವಾಗಿ, ಕ್ಷಮೆಯೊಂದಿಗೆ ಕೊಡುತ್ತೇವೆ ಎಂದರು. ನಾವು ಬೇಡ ಎನ್ನುವಂತಿರಲಿಲ್ಲ. ಮಿಸ್ ಪೆಂಡಲ್ ಸಂತೋಷದಿಂದ ತಾನೇ ತಂದಳು. ಈ ಸಲ ಅವಳನ್ನು ಮೇಷ್ಟ್ರ ಮನೆಯಲ್ಲಿ ಇಳಿಸಿದೆವು.

ಬಚ್ಚಲ ಮಣೆ ಕೊಡೆಯ ನೆರಳಲ್ಲಿ, ಆನೆ ದಂತದ ಕಹಳೆಗಳ ನಡುವೆ ಊರು ಹೊಕ್ಕಿತು. ನಾನಾ ಅದರ ಹಿಂದೆ ಬಿಸಿಲಲ್ಲಿ ನಡೆದರು. ಅದಕ್ಕೆ ಕುರಿ ಬಿತ್ತು, ಹೆಂಡ ಸುರಿಯಿತು. ನಾನಾ ಮುಖದ ಒಂದು ನರವೂ ಅಲುಗಲಿಲ್ಲ. ಮುದುಕಿಯರು ಮೆಚ್ಚಿ ತಲೆಯಾಡಿಸಿದರು.

ಮರುದಿನ ಬೆಳಗಾಗುತ್ತಿದ್ದಂತೆ ನಾನಾ ನನ್ನೊಬ್ಬನನ್ನೇ ಕರೆದುಕೊಂಡು ದೊಡ್ಡವ್ವನ ಮನೆಯ ಹಿತ್ತಲಿಗೆ ಹೋದರು. ಬಚ್ಚಲ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಅರಸನ ಬರಿಗಾಲು ನೆಲ ಮುಟ್ಟಬಾರದು, ತನಗಿಂತ ದೊಡ್ಡದರ ಎದುರು ಮಾತ್ರ ಮುಟ್ಟಬಹುದು. ಭುಜದ ಬಟ್ಟೆ ಇಳಿಸಿ ಒಳಗೆ ಹೋದರು. ನಾನು ಹೊರಗೆ ಬಕೆಟ್ ಹಿಡಿದು ನಿಂತೆ. ಹಾದುಹೋಗುವವರು ಕೇಳಿದರು. ನಾನಾ ಮೀಯುತ್ತಿದ್ದಾರೆ ಎಂದೆ. ದೊಡ್ಡವ್ವನ ಮನೆ ಬಚ್ಚಲಲ್ಲಾ ಎಂದರು. ಅಲ್ಲಿಯ ನೀರು ಅವರ ಮೈಗೆ ಹಿಡಿಸುತ್ತದೆ ಎಂದೆ.

ಒಳಗಿಂದ ಸದ್ದೇ ಇಲ್ಲ. ಬಹಳ ಹೊತ್ತಾದ ಮೇಲೆ ಹೊರಬಂದರು. ಕಣ್ಣು ಕೆಂಪಾಗಿದ್ದವು, ಮೈ ಮೇಲೆ ಒಂದು ಹನಿ ನೀರಿರಲಿಲ್ಲ. ಬೇಲಿಯಾಚೆ ಆಗಲೇ ನಾಲ್ಕು ಜನ ಸೇರಿ ಅರಸರ ದರ್ಶನಕ್ಕೆ ಕತ್ತು ಉದ್ದ ಮಾಡಿದ್ದರು. ಅವರು ನೋಡುವ ಮೊದಲೇ ನಾನು ನಾನಾ ಅವರನ್ನು ಒಳಕ್ಕೆ ಎಳೆದುಕೊಂಡು, ಕ್ಷಮಿಸಿ ಎಂದು, ಬಕೆಟ್ಟಿನ ತಣ್ಣೀರನ್ನು ಅವರ ತಲೆಯ ಮೇಲೆ ಸುರಿದೆ. ಅವರು ಗೋಡೆ ಹಿಡಿದು ನಿಂತು ಸುರಿಸಿಕೊಂಡರು.